ಫೋರ್ ಲೋದಲ್ಲಿ ಜಗ್ಗಿದಾಗ ಎಡಕ್ಕೆ ಹೊರಳುವ ಡೀಸೆಲ್ ಪಿಕಪ್: ಬಳ್ಳಾರಿಯಲ್ಲಿ ಮಾಡಿದ ರಿಪೇರಿಯ ವಿವರ

ಗಾಡಿ ಡಬಲ್ ಕ್ಯಾಬ್ ಪಿಕಪ್. 2.5 ಲೀಟರ್ ಟರ್ಬೊ ಡೀಸೆಲ್, 320 ನ್ಯೂಟನ್ ಮೀಟರ್ ಟಾರ್ಕ್, 5 ಗೇರಿನ ಮ್ಯಾನ್ಯುಯಲ್, ಪಾರ್ಟ್ ಟೈಮ್ ಫೋರ್ ವೀಲ್ ಡ್ರೈವ್. ಮುಂದೆ ಡಬಲ್ ವಿಷ್‌ಬೋನ್ ಸಸ್ಪೆನ್ಷನ್, ಕಾಯಿಲ್ ಸ್ಪ್ರಿಂಗು ಲೋವರ್ ಆರ್ಮಿನ ಮೇಲೆ ಕೂತಿರುವಂಥದ್ದು. ಪವರ್ ಸ್ಟೇರಿಂಗಿನ ರ‍್ಯಾಕ್ (ಸ್ಟೇರಿಂಗ್ ತಿರುಗಿಸಿದಾಗ ಎಡಬಲ ಸರಿದು ಚಕ್ರ ತಿರುಗಿಸುವ ಹಲ್ಲಿನ ಸಲಾಕೆ) ಆಕ್ಸಲ್ ಗೆರೆಗಿಂತ ಮುಂದಿದೆ. ಮುಂದಿನ ಡಿಫರೆನ್ಷಿಯಲ್ (ಎಡಬಲ ಚಕ್ರಗಳಿಗೆ ಟಾರ್ಕ್ ಹಂಚುವ ಗೇರು ಪೆಟ್ಟಿಗೆ) ಓಪನ್, ಅಂದರೆ ಎರಡೂ ಚಕ್ರವನ್ನು ಒಟ್ಟಿಗೆ ಕಟ್ಟುವ ಲಾಕರ್ ಇಲ್ಲ. ಹಿಂದೆ ಲೀಫ್ ಪಟ್ಟಿ. ಸಂಡೂರು ಕಡೆಯ ಗಣಿ ರಸ್ತೆಗಳಲ್ಲಿ ನೀರಿನ ಟ್ಯಾಂಕು, ಡೀಸೆಲ್ ಬ್ಯಾರೆಲ್, ಡ್ರಿಲ್ಲಿಂಗ್ ಸಾಮಾನು ಹೊರುವುದು ಇದರ ಕೆಲಸ. ಸುಗ್ಗಿಯಲ್ಲಿ ಸಿರುಗುಪ್ಪದ ಭತ್ತದ ಗದ್ದೆಗಳಿಗೂ ಇಳಿಯುತ್ತದೆ. ಹೊರೆ 700ರಿಂದ 800 ಕಿಲೋ.

ದೂರು ಇಷ್ಟು. ಏರಿನಲ್ಲಿ ನಿಲ್ಲಿಸಿ ಫೋರ್ ಲೋ (ನಾಲ್ಕೂ ಚಕ್ರ ಜಗ್ಗುವ, ವೇಗ ಇಳಿಸಿ ಜೋರು ಹೆಚ್ಚಿಸುವ ಗೇರು) ಹಾಕಿ ಒಂದನೇ ಗೇರಿನಲ್ಲಿ ಕ್ಲಚ್ ಬಿಟ್ಟ ಕೂಡಲೇ ಸ್ಟೇರಿಂಗ್ ಕೈಯಲ್ಲಿ ಒದ್ದಾಡುತ್ತದೆ, ಮೂತಿ ಎಡಕ್ಕೆ ಹೊರಳುತ್ತದೆ, ಬಲಗಡೆ ಕೆಳಗಿನಿಂದ ‘ಟಣ್’ ಎಂದು ಒಂದೇ ಒಂದು ಸದ್ದು. ಹೊರಗೆ ನಿಂತು ನೋಡಿದರೆ ಮುಂದಿನ ಎರಡೂ ಚಕ್ರ ಮೂಗು ಕೂಡಿಸಿದ ಹಾಗೆ ಒಳಕ್ಕೆ ತಿರುಗುವುದು ಕಾಣುತ್ತದೆ. ಡಾಂಬರಿನ ಮೇಲೆ ಟೂ ಹೈನಲ್ಲಿ (ಹಿಂದಿನ ಎರಡೇ ಚಕ್ರ ಜಗ್ಗುವ ಮಾಮೂಲಿ ಗೇರು) ಓಡುವಾಗ ಮಾತ್ರ ದೊಡ್ಡ ತಕರಾರಿಲ್ಲ. ಸ್ಟೇರಿಂಗ್ ಚಕ್ರ ನೇರ ಓಟದಲ್ಲೂ ಒಂದು ಬೆರಳಿನಷ್ಟು ಬಲಕ್ಕೆ ವಾಲಿ ನಿಂತಿರುತ್ತದೆ, ಅಷ್ಟೆ. ಹಿಂದಿನ ಆರು ತಿಂಗಳಲ್ಲಿ ಬಲಗಡೆ ಟೈರಾಡ್ ಎಂಡ್ (ರ‍್ಯಾಕನ್ನು ಚಕ್ರಕ್ಕೆ ಸೇರಿಸುವ ಸಲಾಕೆಯಾದ ಟೈರಾಡಿನ ಹೊರತುದಿಯ ಕೀಲು) ಎರಡು ಸಲ ಬದಲಾಗಿದೆ, ಅಲೈನ್‌ಮೆಂಟ್ ಮೂರು ಸಲ ಆಗಿದೆ. ಯಾವುದೂ ನಿಂತಿಲ್ಲ.

ನಿಲ್ಲದಿರುವುದಕ್ಕೆ ಕಾರಣ ನೇರವಾಗಿದೆ. ಅಲೈನ್‌ಮೆಂಟ್ ಯಂತ್ರ ಗಾಡಿ ಸುಮ್ಮನೆ ನಿಂತಾಗಿನ ಅಳತೆ ಕೊಡುತ್ತದೆ. ಈ ರೋಗ ಏಳುವುದು ಮುಂದಿನ ಚಕ್ರ ನೆಲವನ್ನು ಹಿಡಿದು ಜಗ್ಗುವಾಗ. ಹಾಗಾಗಿ ಜಗ್ಗುವ ಸ್ಥಿತಿಯಲ್ಲೇ ಅಳೆಯದೆ ಒಂದು ನಟ್ಟೂ ಬಿಚ್ಚಬಾರದು.

ಚಕ್ರ ಒಳಕ್ಕೇ ಯಾಕೆ ತಿರುಗುತ್ತದೆ

ನಕಲ್ (ಚಕ್ರದ ಹಬ್ಬನ್ನು ಹೊತ್ತು ಸ್ಟೇರಿಂಗಿಗೆ ತಿರುಗುವ ತುಂಡು) ತಿರುಗುವುದು ಮೇಲಿನ ಮತ್ತು ಕೆಳಗಿನ ಬಾಲ್ ಜಾಯಿಂಟುಗಳನ್ನು ಸೇರಿಸುವ ಗೆರೆಯ ಸುತ್ತ. ಆ ಗೆರೆ ಟೈರಿನ ನಡುವಿಗಿಂತ ಒಳಗಿದೆ. ಟೈರು ಮುಂದಕ್ಕೆ ತಳ್ಳುತ್ತದೆ, ತಿರುಗುವ ಗೆರೆ ಅದರ ಒಳಗಡೆ ಉಳಿಯುತ್ತದೆ. ಬಾಗಿಲಿನ ಹೊರ ಅಂಚನ್ನು ದೂಡಿದಂತೆ ಚಕ್ರದ ಮುಂಭಾಗ ಒಳಕ್ಕೆ ಹೊರಳುತ್ತದೆ. ಟೂ ವೀಲ್‌ನಲ್ಲಿ ಮುಂದಿನ ಚಕ್ರ ಬರೀ ಉರುಳುತ್ತದೆ, ಈ ಒತ್ತಡವೇ ಹುಟ್ಟುವುದಿಲ್ಲ. ರ‍್ಯಾಕ್ ಮುಂದಿರುವ ಗಾಡಿಯಲ್ಲಿ ಒಳಕ್ಕೆ ಹೊರಳುವ ಚಕ್ರ ಟೈರಾಡನ್ನು ಅದುಮುತ್ತದೆ. ರ‍್ಯಾಕ್ ಆಕ್ಸಲ್ ಹಿಂದಿದ್ದರೆ ಅದೇ ಬಲ ಟೈರಾಡನ್ನು ಎಳೆಯುತ್ತದೆ. ಉದ್ದನೆಯ ಸಣ್ಣ ಸಲಾಕೆ ಎಳೆತ ತಡೆಯುತ್ತದೆ, ಅದುಮಿದರೆ ಬಾಗುತ್ತದೆ. ಈ ಬಗೆಯ ಗಾಡಿಗಳಲ್ಲಿ ಟೈರಾಡ್ ಸೊಟ್ಟಗಾಗುವುದು ಅದಕ್ಕೇ.

ಬ್ರೇಕ್ ಹಾಕಿದಾಗಿನ ಲೆಕ್ಕ ಬೇರೆ. ಅಲ್ಲಿ ಎಣಿಕೆಗೆ ಬರುವುದು ನೆಲದ ಮಟ್ಟದಲ್ಲಿ ಆ ಗೆರೆಗೂ ಟೈರಿನ ನಡುವಿಗೂ ಇರುವ ಅಂತರ. ಡ್ರೈವ್ ಶಾಫ್ಟ್ ಜಗ್ಗುವಾಗ ಎಣಿಸಬೇಕಾದದ್ದು ಹಬ್ಬಿನ ಎತ್ತರದಲ್ಲಿರುವ ಅಂತರ, ಅದು ಬಹಳ ದೊಡ್ಡದು. ಈ ಗಾಡಿಯಲ್ಲಿ ಕಂಪನಿ ರಿಮ್ ಇದ್ದರೆ ಅದು ಸುಮಾರು 85 ಮಿ.ಮೀ. ಆದರೆ ಗಾಡಿಯಲ್ಲಿದ್ದದ್ದು ಹೊರಗಿನ ಅಲಾಯ್. ಕಂಪನಿ ರಿಮ್ಮಿನ ಆಫ್‌ಸೆಟ್ (ರಿಮ್ಮಿನ ನಡುಗೆರೆಗೂ ಅದು ಹಬ್ಬಿಗೆ ಕೂರುವ ಮುಖಕ್ಕೂ ಇರುವ ಅಂತರ) +33 ಮಿ.ಮೀ., ಇದರದ್ದು +10. ಟೈರು 23 ಮಿ.ಮೀ. ಹೊರಗೆ ಬಂತು, ಅಂತರ 108 ಆಯಿತು.

ಲೆಕ್ಕ ಹಾಕಿ. ಫೋರ್ ಲೋ ಒಂದನೇ ಗೇರಿನಲ್ಲಿ ಒಟ್ಟು ಇಳಿಕೆ ಸುಮಾರು 40ಕ್ಕೆ 1, ಅಂದರೆ ಎಂಜಿನ್ 40 ಸುತ್ತು ತಿರುಗಿದರೆ ಚಕ್ರ ಒಂದು ಸುತ್ತು. 320 ನ್ಯೂಟನ್ ಮೀಟರು ಚಕ್ರಗಳಿಗೆ ತಲುಪುವಷ್ಟರಲ್ಲಿ 13,000ದ ಹತ್ತಿರ ಆಗುತ್ತದೆ, ಅಂದರೆ ಮೂರೂವರೆ ಟನ್ನಿನ ಎಳೆತ. ಇಷ್ಟು ಎಳೆತವನ್ನು ಹಿಡಿಯುವ ಹಿಡಿತ ನಾಲ್ಕೂ ಟೈರು ಸೇರಿದರೂ ಇಲ್ಲ. ಹಾಗಾಗಿ ಇಲ್ಲಿ ಮಿತಿ ಎಂಜಿನ್ನಿನದಲ್ಲ, ನೆಲದ್ದು. ಮುಂದಿನ ಆಕ್ಸಲ್ ಮೇಲೆ ಸಾವಿರ ಕಿಲೋ ಚಿಲ್ಲರೆ ಭಾರ. ಗಟ್ಟಿ ನೆಲದಲ್ಲಿ ಒಂದೊಂದು ಟೈರು 350 ಕಿಲೋದಷ್ಟು ಜಗ್ಗಬಲ್ಲದು. ನಕಲಿನ ಸ್ಟೇರಿಂಗ್ ಆರ್ಮ್ 150 ಮಿ.ಮೀ. ಉದ್ದ. 350ನ್ನು 85ರಿಂದ ಗುಣಿಸಿ 150ರಿಂದ ಭಾಗಿಸಿದರೆ ಟೈರಾಡಿನ ಮೇಲೆ 198 ಕಿಲೋ. ಅಲಾಯ್ ಹಾಕಿದ ಮೇಲೆ ಅದೇ 252 ಕಿಲೋ. ರಿಮ್ ಬದಲಾದದ್ದಕ್ಕೇ ಶೇಕಡಾ 27 ಹೆಚ್ಚು. ಕೆಸರಿನಲ್ಲಿ ತಿರುಗುತ್ತಿದ್ದ ಟೈರು ಥಟ್ಟನೆ ಕಲ್ಲಿನ ಅಂಚು ಹಿಡಿದರೆ ಆ ಗಳಿಗೆಯ ಹೊಡೆತ ಇದರ ಹಲವು ಪಟ್ಟು. ಎರೆ ಮಣ್ಣಿನ ಗದ್ದೆಯಲ್ಲಿ ಟೈರಾಡ್ ಬಾಗುವುದು ಅಪರೂಪ. ಗದ್ದೆಯಿಂದ ಏರಿ ಒಡ್ಡಿನ ಕಲ್ಲನ್ನು ಚಕ್ರ ಕಚ್ಚಿದ ಗಳಿಗೆಯಲ್ಲಿ ಬಾಗುತ್ತದೆ.

ಇನ್ನೊಂದು ಮಾತು. ಓಪನ್ ಡಿಫರೆನ್ಷಿಯಲ್ ಎರಡೂ ಕಡೆಗೆ ಒಂದೇ ಟಾರ್ಕ್ ಕೊಡುತ್ತದೆ. ಎರಡೂ ಚಕ್ರ ಒಂದೇ ಬಲದಿಂದ ಒಳಕ್ಕೆ ದೂಡಿದರೆ ರ‍್ಯಾಕಿನಲ್ಲಿ ಅವು ಒಂದನ್ನೊಂದು ತಡೆದು ನಿಲ್ಲಬೇಕು, ಗಾಡಿ ನೇರ ಹೋಗಬೇಕು. ಒಂದು ಕಡೆಗೆ ಹೊರಳಿತೆಂದರೆ ಒಂದು ಬದಿ ಮಣಿಯುತ್ತಿದೆ. ಎಡಕ್ಕೆ ಹೊರಳಿದರೆ ಮಣಿಯುತ್ತಿರುವುದು ಬಲಬದಿ, ಯಾಕಂದರೆ ಬಲಚಕ್ರ ಒಳಕ್ಕೆ ಹೊರಳುವುದೆಂದರೆ ಎಡಕ್ಕೆ ತಿರುಗುವುದೇ. ಬಹಳ ಕಡೆ ಇದನ್ನು ತಿರುವುಮುರುವಾಗಿ ಹಿಡಿದು ಎಡಗಡೆ ಸಾಮಾನು ಬಿಚ್ಚುತ್ತಾರೆ.

ಮೊದಲು ಟೈರು

265/70 ಆರ್ 16 ಟೈರು. ನಾಲ್ಕಕ್ಕೂ ಒಂದೇ ಗಾಳಿ ತುಂಬಿ, ಸಿಮೆಂಟ್ ನೆಲದ ಮೇಲೆ ಸೀಮೆಸುಣ್ಣದ ಗೆರೆ ಹಾಕಿ, ಒಂದು ಸುತ್ತು ಉರುಳಿಸಿ ಟೇಪಿನಲ್ಲಿ ಅಳೆದದ್ದು: ಮುಂದಿನವು 2,370 ಮತ್ತು 2,368 ಮಿ.ಮೀ., ಹಿಂದಿನ ಎರಡೂ 2,350. ಮುಂದೆ ಹೊಸ ಟೈರು, ಹಿಂದೆ ಸವೆದವು. 20 ಮಿ.ಮೀ. ಅಂದರೆ ಏನು ಮಹಾ ಎನ್ನಿಸಬಹುದು. ಫೋರ್ ವೀಲ್ ಹಾಕಿದಾಗ ಟ್ರಾನ್ಸ್‌ಫರ್ ಕೇಸು ಮುಂದಿನ, ಹಿಂದಿನ ಶಾಫ್ಟುಗಳನ್ನು ಒಟ್ಟಿಗೆ ಕಟ್ಟಿಹಾಕುತ್ತದೆ. ಪ್ರತಿ ಕಿಲೋಮೀಟರಿಗೆ ಎಂಟೂವರೆ ಮೀಟರಿನ ವ್ಯತ್ಯಾಸವನ್ನು ಯಾವುದಾದರೂ ಟೈರು ಜಾರಿಯೇ ತೀರಿಸಬೇಕು. ಜಾರದ ನೆಲದಲ್ಲಿ ಅದು ಶಾಫ್ಟುಗಳಲ್ಲಿ ಹುರಿಯಾಗಿ ಸೇರಿಕೊಳ್ಳುತ್ತದೆ, ಮುಂದಿನ ಸಲ ಕ್ಲಚ್ ಬಿಟ್ಟಾಗ ಆ ಹುರಿ ಮುಂದಿನ ಚಕ್ರಗಳ ಮೂಲಕ ಬಿಚ್ಚಿಕೊಳ್ಳುತ್ತದೆ. ಜಗ್ಗುವ ಹೊತ್ತಿನ ಒದ್ದಾಟದಲ್ಲಿ ಇದರ ಪಾಲೂ ಇತ್ತು. ಪರಿಹಾರವಾಗಿ ಮುಂದಿನ ಒಂದು, ಹಿಂದಿನ ಒಂದು ಅಂತ ಅದಲುಬದಲು ಮಾಡಬಾರದು, ಹಾಗೆ ಮಾಡಿದರೆ ಒಂದೇ ಆಕ್ಸಲಿನ ಎಡಬಲ ಬೇರೆಯಾಗುತ್ತದೆ. ನಾಲ್ಕೂ ಒಂದೇ ಸವೆತದ್ದಿರಬೇಕು. ಇಲ್ಲಿ ಹಿಂದಕ್ಕೂ ಮುಂದಿನಂಥದೇ ಎರಡು ಹೊಸ ಟೈರು ಬಂದವು.

ಮುಂದಿನ ಬಲ ಟೈರಿನ ಮೇಲೆ ಅಂಗೈ ಆಡಿಸಿ ನೋಡಬೇಕು. ಹೊರಗಿನಿಂದ ಒಳಕ್ಕೆ ಸವರಿದರೆ ನುಣುಪು, ಒಳಗಿನಿಂದ ಹೊರಕ್ಕೆ ಸವರಿದರೆ ಗರಗಸದ ಹಾಗೆ ಚುಚ್ಚುತ್ತದೆ. ಇದು ಟೋ-ಇನ್ ಸವೆತ, ಅಂದರೆ ಚಕ್ರದ ಮುಂಭಾಗ ಒಳಕ್ಕೆ ತಿರುಗಿದ್ದರಿಂದ ಆದದ್ದು. ಕಣ್ಣಿಗೆ ಕಾಣದ್ದು ಕೈಗೆ ಮೊದಲು ಸಿಗುತ್ತದೆ.

ಎರೆ ಮಣ್ಣಿನ ಸೀಮೆಯವರಿಗೆ ಒಂದು ಎಚ್ಚರಿಕೆ: ಗದ್ದೆಯಿಂದ ಬಂದ ಗಾಡಿಯ ರಿಮ್ಮಿನ ಒಳಬದಿಯಲ್ಲಿ ಒಣಗಿ ಕೂತ ಮಣ್ಣು ಇಟ್ಟಿಗೆಯಷ್ಟು ಗಟ್ಟಿ. ಗಂಟೆಗೆ 60 ದಾಟಿದ ಮೇಲೆ ಸ್ಟೇರಿಂಗ್ ನಡುಗಿದರೆ ಮೊದಲು ಅದನ್ನು ಕೆರೆದು ತೊಳೆಯಿರಿ. ಆ ನಡುಕಕ್ಕೂ ಇಲ್ಲಿ ಹೇಳುತ್ತಿರುವ ರೋಗಕ್ಕೂ ಸಂಬಂಧವಿಲ್ಲ.

ಪ್ಲೇ (ಸಡಿಲ) ನೋಡುವುದು

ಸ್ಪ್ರಿಂಗ್ ಲೋವರ್ ಆರ್ಮಿನ ಮೇಲೆ ಕೂತಿರುವ ಗಾಡಿಯಲ್ಲಿ ಭಾರ ಹೊರುವುದು ಕೆಳಗಿನ ಬಾಲ್ ಜಾಯಿಂಟ್. ಜಾಕಿಯನ್ನು ಚಾಸಿಗೆ ಕೊಟ್ಟರೆ ಸ್ಪ್ರಿಂಗು ಆರ್ಮನ್ನು ಕೆಳಕ್ಕೆ ಒತ್ತಿ ಹಿಡಿಯುತ್ತದೆ, ಜಾಯಿಂಟಿನ ಸಡಿಲ ಬಚ್ಚಿಟ್ಟುಕೊಳ್ಳುತ್ತದೆ. ಜಾಕಿ ಲೋವರ್ ಆರ್ಮಿನ ಕೆಳಗೇ, ಬಾಲ್ ಜಾಯಿಂಟಿಗೆ ಹತ್ತಿರವಾಗಿ ಇರಬೇಕು. ಚಾಸಿಗೆ ಸ್ಟ್ಯಾಂಡ್ ಬೇರೆ ಕೊಡಬೇಕು. ಚಕ್ರವನ್ನು ಮೇಲೆ ಕೆಳಗೆ ಹಿಡಿದು ಅಲ್ಲಾಡಿಸಿ. ಪ್ಲೇ ಸಿಕ್ಕರೆ ಒಬ್ಬರು ಬ್ರೇಕ್ ತುಳಿದು ಹಿಡಿಯಲಿ, ಮತ್ತೆ ಅಲ್ಲಾಡಿಸಿ. ಬ್ರೇಕ್ ತುಳಿದಾಗ ಪ್ಲೇ ಹೋದರೆ ಬೇರಿಂಗ್, ಉಳಿದರೆ ಬಾಲ್ ಜಾಯಿಂಟ್. ಇಲ್ಲಿ ಎರಡೂ ಸರಿ ಇದ್ದವು.

ಎಡಬಲ ಹಿಡಿದು ಅಲ್ಲಾಡಿಸಿದಾಗ ಬಲಗಡೆ ‘ಟಕ್ ಟಕ್’ ಸಿಕ್ಕಿತು. ಹೊರಗಿನ ಟೈರಾಡ್ ಎಂಡ್ ಹೊಸದು, ಬಿಗಿ. ಸದ್ದು ಬಂದದ್ದು ರ‍್ಯಾಕಿನ ರಬ್ಬರ್ ಬೂಟಿನ ಒಳಗಿರುವ ರ‍್ಯಾಕ್ ಎಂಡಿನಿಂದ (ಟೈರಾಡ್ ರ‍್ಯಾಕಿಗೆ ಸೇರುವ ಒಳಕೀಲು). ಬೂಟನ್ನು ಬೆರಳಲ್ಲಿ ಒತ್ತಿ ಹಿಡಿದರೆ ಜಾಯಿಂಟ್ ಕುಣಿಯುವುದು ಗೊತ್ತಾಗುತ್ತದೆ. ಡಯಲ್ ಗೇಜಿಟ್ಟು ನೋಡಿದರೆ ಅರ್ಧ ಮಿ.ಮೀ. ಬೂಟಿನ ಮಡಿಕೆಯಲ್ಲಿ ಕೂದಲೆಳೆಯಂಥ ಸೀಳು, ಒಳಗೆ ಗ್ರೀಸಿನ ಬದಲು ಕೆಂಪು ಅರಲು. ಸಂಡೂರಿನ ಅದಿರು ಹೆಮಟೈಟ್. ಅಕ್ಕಸಾಲಿಗರು ಚಿನ್ನಕ್ಕೆ ಹೊಳಪು ಕೊಡಲು ಬಳಸುವ ಕೆಂಪು ಪುಡಿಯೂ ಐರನ್ ಆಕ್ಸೈಡೇ. ಅದು ಗ್ರೀಸಿನಲ್ಲಿ ಬೆರೆತು ಬಾಲಿನ ಸುತ್ತ ತಿರುಗಿದರೆ ದಿನಾ ಸ್ವಲ್ಪ ಸ್ವಲ್ಪ ಸಾಣೆ ಹಿಡಿದ ಹಾಗೆ. ಬಳ್ಳಾರಿಯ ಬೇಸಿಗೆಗೆ ರಬ್ಬರ್ ಬೇಗ ಬಿರಿಯುತ್ತದೆ. ಗಣಿಗೆ ಹೋಗುವ ಗಾಡಿಯ ಬೂಟನ್ನು ಪ್ರತಿ ಸರ್ವೀಸಿಗೆ ಮಡಿಕೆ ಬಿಡಿಸಿ ನೋಡಬೇಕು.

ಚಕ್ರ ನೆಲದ ಮೇಲಿದ್ದು, ಎಂಜಿನ್ ಓಡುತ್ತಿದ್ದು, ಒಬ್ಬರು ಸ್ಟೇರಿಂಗನ್ನು ಎಡಬಲ ಚಿಕ್ಕದಾಗಿ ಬೇಗ ಬೇಗ ಆಡಿಸುವುದು ಇನ್ನೊಂದು ಪರೀಕ್ಷೆ. ರ‍್ಯಾಕಿನ ಹೌಸಿಂಗ್ ತಾನೇ 2 ಮಿ.ಮೀ. ಅತ್ತಿತ್ತ ಸರಿಯುತ್ತಿತ್ತು. ರ‍್ಯಾಕ್ ಮೌಂಟಿಂಗ್ ಬುಷ್ (ರ‍್ಯಾಕನ್ನು ಚಾಸಿಗೆ ಹಿಡಿಯುವಲ್ಲಿನ ರಬ್ಬರ್) ಎಣ್ಣೆ ಕುಡಿದು ಮೆತ್ತಗಾಗಿದೆ. ಸ್ಟೇರಿಂಗ್ ತಿರುಗಿಸಿದರೂ ಚಕ್ರ ತಡವಾಗಿ ಕೇಳುವುದಕ್ಕೆ ಇದೇ ಮೂಲ.

ಗಾಡಿ ನಿಂತಲ್ಲೇ ಜಗ್ಗಿಸಿ ಅಳೆಯುವುದು

ಈ ಭಾಗವೇ ಮುಖ್ಯ. ಗಾಡಿಯನ್ನು ಓಡಿಸಿ, ಕ್ಲಚ್ ಸುಟ್ಟು, ಪಕ್ಕದಲ್ಲಿ ಓಡುತ್ತಾ ನೋಡುವುದು ಅಪಾಯ, ಅಳತೆಯೂ ಸಿಗುವುದಿಲ್ಲ. ಅದೇ ಬಲವನ್ನು ಚೈನ್ ಪುಲ್ಲಿಯಿಂದ ಕೊಡಬಹುದು. ಎಂಜಿನ್ ಬಂದ್, ಫೋರ್ ಲೋ, ಒಂದನೇ ಗೇರ್, ಹ್ಯಾಂಡ್ ಬ್ರೇಕ್ ಬಿಟ್ಟಿರಬೇಕು. ಎಂಜಿನ್ನಿನ ಕಂಪ್ರೆಷನ್ 40 ಪಟ್ಟಾಗಿ ಚಕ್ರಗಳನ್ನು ಹಿಡಿದು ನಿಲ್ಲಿಸುತ್ತದೆ. ಹಿಂದಿನ ಎರಡು ಚಕ್ರದ ಕೆಳಗೆ ಗ್ರೀಸ್ ಹಚ್ಚಿದ ಎರಡೆರಡು ತಗಡು ಒಂದರ ಮೇಲೊಂದು ಹಾಕಿ, ಅವು ನೆಲವನ್ನು ಹಿಡಿಯದಂತೆ. ಹಿಂದೆ ಅದಿರು ತುಂಬಿ ನಿಂತ ಟಿಪ್ಪರಿನ ಹುಕ್ಕಿಗೂ ಪಿಕಪ್ಪಿನ ಹಿಂದಿನ ಟೋ ಹುಕ್ಕಿಗೂ 2 ಟನ್ನಿನ ಚೈನ್ ಪುಲ್ಲಿ, ನಡುವೆ ತೂಗುಹಾಕುವ ಕ್ರೇನ್ ಕಾಂಟಾ. ಗಾಡಿಯನ್ನು ಹಿಂದಕ್ಕೆ ಎಳೆದರೆ ಮುಂದಿನ ಚಕ್ರಗಳು ನೆಲ ಹಿಡಿದು ಮುಂದಕ್ಕೆ ದೂಡುತ್ತವೆ. ಶಾಫ್ಟು, ಹಬ್ಬು, ಟೈರಾಡುಗಳಿಗೆ ಏರಿನಲ್ಲಿ ಜಗ್ಗುವಾಗ ಬರುವ ಬಲವೇ ಇದು, ಆದರೆ ನಿಂತಿರುತ್ತದೆ, ನಿಧಾನ ನೋಡಬಹುದು. ಮೂತಿ ಸ್ವಲ್ಪ ಮೇಲೇಳುವುದೂ ಹಾಗೇ ಆಗುತ್ತದೆ. ಚೈನಿನ ಮೇಲೆ ಒದ್ದೆ ಗೋಣಿಚೀಲ ಹೊದಿಸಿ. ಚೈನಿನ ಗೆರೆಯಲ್ಲಿ ಯಾರೂ ನಿಲ್ಲಬಾರದು. ಬಿಗಿದ ಮೇಲೆ ಗಾಡಿಯ ಕೆಳಗೆ ಯಾರೂ ನುಸುಳಬಾರದು, ನೋಡುವುದು ಬದಿಯಿಂದ, ಟಾರ್ಚ್ ಹಿಡಿದು.

ಅಳೆಯಲು 1.2 ಮೀಟರ್ ಉದ್ದದ ಎರಡು ಅಲ್ಯೂಮಿನಿಯಂ ಬಾಕ್ಸ್ ಪೈಪು, ಒಂದೊಂದು ಟೈರಿನ ಹೊರಮೈಗೆ ಹಬ್ಬಿನ ಎತ್ತರದಲ್ಲಿ ರಬ್ಬರ್ ಪಟ್ಟಿಯಿಂದ ಕಟ್ಟಿದ್ದು. ಗಾಡಿಯ ಎರಡೂ ಬದಿಗೆ ಸ್ಟ್ಯಾಂಡಿನ ಮೇಲೆ ನೇರ ದಾರ. ಪೈಪಿನ ಮುಂತುದಿ, ಹಿಂತುದಿಗಳಿಂದ ದಾರಕ್ಕೆ ಇರುವ ಅಂತರ ಅಳೆದರೆ ಪ್ರತಿ ಚಕ್ರದ ಟೋ ಬೇರೆ ಬೇರೆಯಾಗಿ ಸಿಗುತ್ತದೆ. ಒಟ್ಟು ಟೋ ಒಂದನ್ನೇ ಅಳೆದರೆ ಯಾವ ಬದಿ ಮಣಿಯಿತು ಅಂತ ಗೊತ್ತಾಗುವುದಿಲ್ಲ. ಒಂದು ನೆನಪಿರಲಿ: ಇದು 1.2 ಮೀಟರಿನ ಮೇಲಿನ ಅಳತೆ. ಟೈರಿನ ವ್ಯಾಸದ ಮೇಲಿನ ಲೆಕ್ಕಕ್ಕೆ 0.65ರಿಂದ ಗುಣಿಸಬೇಕು.

ಎಳೆಯುವ ಮೊದಲು ಬಿಳಿ ಪೇಂಟ್ ಪೆನ್ನಿನಿಂದ ಗೆರೆ ಎಳೆದದ್ದು ಇಷ್ಟು ಕಡೆ: ಲೋವರ್ ಆರ್ಮಿನ ನಾಲ್ಕೂ ಕ್ಯಾಮ್ ಬೋಲ್ಟಿನ (ತಿರುಗಿಸಿದರೆ ಆರ್ಮ್ ಸರಿದು ಚಕ್ರದ ಕೋನ ಬದಲಾಗುವ ಬೋಲ್ಟು) ವಾಷರಿನಿಂದ ಚಾಸಿಯ ಬ್ರ್ಯಾಕೆಟ್ಟಿಗೆ, ಬುಷ್ಷಿನ ಒಳ ತೋಳಿನಿಂದ (ಸ್ಲೀವ್) ಹೊರ ತೋಳಿಗೆ, ರ‍್ಯಾಕ್ ಕ್ಲಾಂಪಿನಿಂದ ಹೌಸಿಂಗಿಗೆ, ಟೈರಾಡಿನ ಚೆಕ್ ನಟ್ಟಿನ ಮೇಲೆ. ಗೆರೆ ಒಂದೇ ಎಳೆತದಲ್ಲಿ, ತೆಳ್ಳಗೆ, ಎರಡೂ ತುಂಡಿನ ಮೇಲೆ ಹಾಯಬೇಕು. ತುಂಡಾದ ಗೆರೆ ಸುಳ್ಳು ಹೇಳುವುದಿಲ್ಲ.

ಕಾಂಟಾ 700 ಕಿಲೋ ತೋರಿಸಿದಾಗ ಬಲಚಕ್ರ 10 ಮಿ.ಮೀ., ಎಡಚಕ್ರ 4 ಮಿ.ಮೀ. ಒಳಕ್ಕೆ ಹೊರಳಿದವು. ಒಟ್ಟು 14, ಟೈರಿನ ಲೆಕ್ಕದಲ್ಲಿ 9. 500 ಕಿಲೋ ದಾಟುವಾಗ ಅದೇ ‘ಟಣ್’ ಸದ್ದು ಬಂತು. ಬಲ ಲೋವರ್ ಆರ್ಮಿನ ಹಿಂದಿನ ಕ್ಯಾಮಿನ ಬಿಳಿ ಗೆರೆ ಒಂದು ಗೀಟಿನಷ್ಟು ಸರಿದಿತ್ತು. ಅದರ ಬುಷ್ಷಿನ ರಬ್ಬರ್ ಒಳ ತೋಳಿನಿಂದ ಅರ್ಧ ಸುತ್ತು ಕಿತ್ತುಬಂದಿತ್ತು. ಎಳೆದಾಗ ಬಾಯಿ ತೆರೆಯುತ್ತದೆ, ಬಿಟ್ಟಾಗ ಮುಚ್ಚಿಕೊಳ್ಳುತ್ತದೆ. ಗಾಡಿ ಸುಮ್ಮನೆ ನಿಂತಾಗ ಮೇಲ್ನೋಟಕ್ಕೆ ಬುಷ್ ಚೆನ್ನಾಗೇ ಕಾಣುತ್ತದೆ.

ಆ ಬುಷ್ಷಿನಿಂದ ಟೋ ಹೇಗೆ ಕೆಡುತ್ತದೆ ಅಂದರೆ, ಚಕ್ರ ಮುಂದಕ್ಕೆ ಜಗ್ಗಿದಾಗ ತ್ರಿಕೋನದ ಲೋವರ್ ಆರ್ಮ್ ಮುಂದಿನ ಬುಷ್ಷನ್ನು ಒಳಕ್ಕೆ ಒತ್ತುತ್ತದೆ, ಹಿಂದಿನದನ್ನು ಹೊರಕ್ಕೆ ಕೀಳುತ್ತದೆ. ಹಿಂದಿನದು ಬಿಟ್ಟುಕೊಟ್ಟರೆ ಬಾಲ್ ಜಾಯಿಂಟ್ ಹೊರಗೂ ಮುಂದಕ್ಕೂ ಹೋಗುತ್ತದೆ. ಮುಂದಿರುವ ಟೈರಾಡ್ ಅಷ್ಟು ದೂರ ಬರುವುದಿಲ್ಲ, ಚಕ್ರದ ಮುಂಭಾಗ ಒಳಗೇ ಉಳಿಯುತ್ತದೆ. ಇದಕ್ಕೆ ದೊಡ್ಡ ಸರಿತ ಬೇಕಿಲ್ಲ. 150 ಮಿ.ಮೀ. ಸ್ಟೇರಿಂಗ್ ಆರ್ಮಿನಲ್ಲಿ ಬರೀ 1.25 ಮಿ.ಮೀ. ವ್ಯತ್ಯಾಸ ಬಂದರೆ ಪೈಪಿನ ಮೇಲೆ 10 ಮಿ.ಮೀ. ಆಗುತ್ತದೆ. ರ‍್ಯಾಕ್ ಎಂಡಿನ ಅರ್ಧ ಮಿ.ಮೀ. ಪ್ಲೇ 4 ಮಿ.ಮೀ. ತಿನ್ನುತ್ತದೆ, ಉಳಿದದ್ದು ಬುಷ್ಷು ಮತ್ತು ಕ್ಯಾಮಿನದು.

ಬಲ ಟೈರಾಡ್ ಬಿಚ್ಚಿ ಗಾಜಿನ ಮೇಲೆ ಉರುಳಿಸಿದಾಗ ನಡುವೆ 3 ಮಿ.ಮೀ. ಬಾಗಿದ್ದು ಕಂಡಿತು. ಇದರಿಂದ ಉದ್ದ ಕಡಿಮೆಯಾಗಿದ್ದು ಒಂದು ಮಿ.ಮೀ.ನ ಹತ್ತನೇ ಒಂದು ಭಾಗದಷ್ಟೂ ಇಲ್ಲ. ಬಾಗು ಇಲ್ಲಿ ರೋಗವಲ್ಲ, ರೋಗದ ಗುರುತು. ಆದರೆ ಒಮ್ಮೆ ಬಾಗಿದ ಸಲಾಕೆ ಮುಂದಿನ ಹೊಡೆತಕ್ಕೆ ಅಲ್ಲಿಂದಲೇ ಮಡಚುತ್ತದೆ, ಕಾಯಿಸಿ ನೆಟ್ಟಗೆ ಮಾಡುವ ಮಾತೇ ಬೇಡ. ಟೈರಾಡಿಗೆ ಬೆಂಕಿ, ವೆಲ್ಡಿಂಗ್ ಯಾವುದೂ ತಾಕಬಾರದು.

ಲಿಫ್ಟಿನ ಪಾಲು

ಮುಂದಿನ ಸ್ಟ್ರಟ್ಟಿನ ತಲೆಯ ಮೇಲೆ 25 ಮಿ.ಮೀ. ಸ್ಪೇಸರ್ (ಗಾಡಿ ಎತ್ತರಿಸಲು ಇಡುವ ಬಿಲ್ಲೆ) ಇತ್ತು. ಆರ್ಮಿನ ಅನುಪಾತದಿಂದ ಚಕ್ರದ ಬಳಿ ಅದು 45–50 ಮಿ.ಮೀ. ಎತ್ತರವಾಗುತ್ತದೆ. ಎತ್ತಿದ ಗಾಡಿಯಲ್ಲಿ ಟೈರಾಡ್ ಮತ್ತು ಡ್ರೈವ್ ಶಾಫ್ಟ್ ಆಗಲೇ ಕೆಳಕ್ಕೆ ಇಳಿಜಾರಾಗಿರುತ್ತವೆ. ಜಗ್ಗಿದಾಗ ಹಿಂದೆ ಪಟ್ಟಿ ಕೂತು ಮೂತಿ ಇನ್ನೂ ಮೇಲೇಳುತ್ತದೆ. ಬಾಡಿಯನ್ನು ಜಾಕಿಯಿಂದ 40 ಮಿ.ಮೀ. ಎತ್ತಿ ಅಳೆದಾಗ, ಯಾವ ಎಳೆತವೂ ಇಲ್ಲದೆ, ಒಟ್ಟು ಟೋ 6 ಮಿ.ಮೀ. ಒಳಕ್ಕೆ ಬಂತು. ಗಣಿ ರಸ್ತೆಯಲ್ಲಿ ನೆಲದಿಂದ ಸ್ವಲ್ಪ ಎತ್ತರ ಬೇಕೇ ಬೇಕು. ಹಾಗಾಗಿ ಸ್ಪೇಸರ್ ಪೂರ್ತಿ ತೆಗೆಯದೆ 10 ಮಿ.ಮೀ.ನದು ಹಾಕಿದ್ದು; ಅದೇ ಅಳತೆ 3ಕ್ಕೆ ಇಳಿಯಿತು. ತಲೆಯ ಮೇಲಿನ ಸ್ಪೇಸರಿಗೆ ಕಾಯಿಲ್ ಸ್ಪ್ರಿಂಗ್ ಅದುಮಬೇಕಿಲ್ಲ, ಸ್ಟ್ರಟ್ ಇಡಿಯಾಗಿ ಇಳಿಯುತ್ತದೆ. ಎಡಬಲ ಎತ್ತರ ಒಂದೇ ಇರಬೇಕು. ಒಂದು ಕಡೆ ಸ್ಪ್ರಿಂಗ್ ಕೂತು ಶಾಫ್ಟುಗಳ ಕೋನ ಬೇರೆಯಾದರೆ ಜಗ್ಗುವಾಗ ಒಂದು ಬದಿಗೆ ಎಳೆಯುತ್ತದೆ.

ಬದಲಾದ ಸಾಮಾನು, ಕೂಡಿಸಿದ ಬಗೆ

ರ‍್ಯಾಕ್ ಎಂಡ್ 2, ಟೈರಾಡ್ ಎಂಡ್ 2, ಕ್ಲಿಪ್ಪಿನ ಸಮೇತ ರ‍್ಯಾಕ್ ಬೂಟ್ 2, ರ‍್ಯಾಕ್ ಮೌಂಟಿಂಗ್ ಬುಷ್ ಒಂದು ಸೆಟ್, ಲೋವರ್ ಆರ್ಮ್ ಬುಷ್ 4, ಕ್ಯಾಮ್ ಬೋಲ್ಟ್ ನಟ್ಟು ವಾಷರ್ ಸಮೇತ 4, ಸ್ಪ್ಲಿಟ್ ಪಿನ್ 4, ಪವರ್ ಸ್ಟೇರಿಂಗ್ ಎಣ್ಣೆ 1 ಲೀಟರ್. ಎಣ್ಣೆ ಯಾವುದು ಅಂತ ಟ್ಯಾಂಕಿನ ಮುಚ್ಚಳದ ಮೇಲೇ ಬರೆದಿರುತ್ತದೆ. ಇದರ ಜೊತೆ ನಾಲ್ಕು ಕಂಪನಿ ರಿಮ್.

ಟೈರಾಡ್ ಎಂಡ್ ಬಿಡಿಸಲು ನಟ್ಟನ್ನು ದಾರದ ತುದಿಯವರೆಗೆ ಸಡಿಲಿಸಿ ಬಿಡಿ, ಪೂರ್ತಿ ತೆಗೆಯಬೇಡಿ. ಬೋಲ್ಟಿನ ತಲೆಗೆ ಹೊಡೆಯುವುದಲ್ಲ. ನಕಲಿನ ಕಣ್ಣಿನ ಎರಡು ಬದಿಗೆ ಎರಡು ಸುತ್ತಿಗೆ, ಒಂದನ್ನು ಆಧಾರ ಕೊಟ್ಟು ಇನ್ನೊಂದರಲ್ಲಿ ಒಂದು ಚುರುಕು ಏಟು. ಟೇಪರ್ ತಾನಾಗಿ ಬಿಡುತ್ತದೆ. ಚೆಕ್ ನಟ್ ಬಿಚ್ಚಿದ ಮೇಲೆ ಎಂಡನ್ನು ಎಷ್ಟು ಸುತ್ತು ತಿರುಗಿಸಿ ತೆಗೆದಿರೋ ಬರೆದಿಡಿ. ಇಲ್ಲಿ ಎಡಕ್ಕೆ 18, ಬಲಕ್ಕೆ 15 ಸುತ್ತು ಬಂತು. ಮೂರು ಸುತ್ತಿನ ಈ ವ್ಯತ್ಯಾಸವೇ ಹಿಂದಿನ ಅಲೈನ್‌ಮೆಂಟ್ ಮಾಡಿದವರು ಸರಿದ ಕ್ಯಾಮನ್ನು ಟೈರಾಡಿನಲ್ಲಿ ಸರಿಮಾಡಲು ಹೊರಟಿದ್ದರೆಂದು ತೋರಿಸುತ್ತದೆ. ಕೂಡಿಸುವಾಗ ಎರಡೂ ಕಡೆ ಹದಿನಾರೂವರೆ ಸುತ್ತಿನಿಂದ ಶುರು.

ರ‍್ಯಾಕ್ ಎಂಡ್ ಬಿಚ್ಚುವಾಗ ಒಂದು ಪಾನಾ ರ‍್ಯಾಕಿನ ಚಪ್ಪಟೆ ಭಾಗದ ಮೇಲೆ ಇರಲೇಬೇಕು. ಹಿಡಿಯದೆ ತಿರುಗಿಸಿದರೆ ಆ ಜೋರೆಲ್ಲ ಪಿನಿಯನ್ ಹಲ್ಲಿಗೆ ಹೋಗುತ್ತದೆ. ಹೊಸ ಲಾಕ್ ವಾಷರನ್ನು ಚಪ್ಪಟೆಗೆ ಸರಿಯಾಗಿ ಮಡಚಿ. ಬೂಟ್ ಹಾಕುವ ಮೊದಲು ಒಳಗಿನ ಕೆಂಪು ಪುಡಿಯನ್ನು ಬಟ್ಟೆಯಿಂದ ಪೂರ್ತಿ ಒರೆಸಿ. ಡೀಸೆಲ್ ಸುರಿದು ತೊಳೆದರೆ ಪುಡಿ ಸೀಲಿನೊಳಕ್ಕೆ ಇಳಿಯುತ್ತದೆ. ಟೋ ಹೊಂದಿಸಿ ಮುಗಿದ ಮೇಲೇ ಬೂಟಿನ ಸಣ್ಣ ಕ್ಲಿಪ್ ಬಿಗಿಯಬೇಕು, ಇಲ್ಲದಿದ್ದರೆ ಬೂಟ್ ಹುರಿಗೊಂಡು ಬೇಗ ಹರಿಯುತ್ತದೆ. ಟೈರಾಡ್ ಎಂಡಿನ ಟೇಪರ್ ಒಣಗಿರಬೇಕು, ಗ್ರೀಸ್ ಬೇಡ. ಸ್ಪ್ಲಿಟ್ ಪಿನ್ ತೂತು ಕೂಡದಿದ್ದರೆ ಕ್ಯಾಸಲ್ ನಟ್ಟನ್ನು ಮುಂದಕ್ಕೆ ಬಿಗಿಯಿರಿ, ಹಿಂದಕ್ಕೆ ಬಿಡಬೇಡಿ.

ಹಳೆ ಬುಷ್ ಹರಿದದ್ದು ಸವೆತದಿಂದ ಅಷ್ಟೇ ಅಲ್ಲ. ಚಕ್ರ ನೇತಾಡುತ್ತಿರುವಾಗ ಆರ್ಮಿನ ಬೋಲ್ಟ್ ಬಿಗಿದರೆ ಬುಷ್ಷಿನ ಒಳ ತೋಳು ಆ ಕೋನದಲ್ಲೇ ಕಚ್ಚಿಕೊಳ್ಳುತ್ತದೆ. ಗಾಡಿ ನೆಲಕ್ಕಿಳಿದಾಗ ರಬ್ಬರ್ ಹಗಲು ರಾತ್ರಿ ಹುರಿಗೊಂಡೇ ಇರುತ್ತದೆ. ಅದರ ಮೇಲೆ ಜಗ್ಗಿದರೆ ಹರಿಯದೆ ಏನು ಮಾಡೀತು? ಬೋಲ್ಟನ್ನು ಬರೀ ಕೈಬಿಗಿ ಮಾಡಿ, ಗಾಡಿ ಇಳಿಸಿ, ಮುಂದಿನ ಬಂಪರನ್ನು ಮೂರು ನಾಲ್ಕು ಸಲ ಅದುಮಿ, ಹತ್ತು ಅಡಿ ಹಿಂದೆ ಮುಂದೆ ಉರುಳಿಸಿ, ಭಾರ ಚಕ್ರಗಳ ಮೇಲಿರುವಾಗಲೇ ಕೊನೆಯ ಬಿಗಿ ಕೊಡಬೇಕು. ಕ್ಯಾಮ್ ಕೂರುವ ಬ್ರ್ಯಾಕೆಟ್ಟಿನ ಮುಖದಲ್ಲಿ ತುಕ್ಕು, ಪೇಂಟು ಇದ್ದರೆ ವೈರ್ ಬ್ರಷ್‌ನಿಂದ ಲೋಹ ಕಾಣುವವರೆಗೆ ತಿಕ್ಕಿ. ಪೇಂಟಿನ ಮೇಲೆ ಬಿಗಿದ ಕ್ಯಾಮ್ ಪೇಂಟು ಸವೆದ ದಿನ ಸಡಿಲ. ಬಿಗಿ ಟಾರ್ಕ್ ರೆಂಚಿನಿಂದಲೇ, ಆ ಮಾಡೆಲಿನ ವರ್ಕ್‌ಶಾಪ್ ಮ್ಯಾನ್ಯುಯಲ್ಲಿನಲ್ಲಿರುವಷ್ಟು. ಈ ಬೋಲ್ಟಿಗೆ ಪೈಪು ಹಾಕಿ ಜಗ್ಗುವ ಅಂದಾಜು ನಡೆಯುವುದಿಲ್ಲ. ಅಲೈನ್‌ಮೆಂಟಿನಲ್ಲಿ ಕ್ಯಾಮ್ ಮುಟ್ಟಿದವರು ಕೊನೆಗೆ ಅದನ್ನು ಮತ್ತೆ ಬಿಗಿದರಾ ಅಂತ ನಿಂತು ನೋಡಿ. ಈ ಗಾಡಿಯಲ್ಲಿ ತಪ್ಪಿದ್ದು ಅಲ್ಲೇ.

ಪವರ್ ಸ್ಟೇರಿಂಗ್ ಗಾಳಿ ತೆಗೆಯಲು ಮುಂದಿನ ಚಕ್ರ ಎತ್ತಿ, ಎಂಜಿನ್ ಬಂದ್ ಇದ್ದಾಗಲೇ ಈ ತುದಿಯಿಂದ ಆ ತುದಿಗೆ ಹತ್ತು ಸಲ ತಿರುಗಿಸಿ, ಎಣ್ಣೆ ತುಂಬಿ, ಆಮೇಲೆ ಎಂಜಿನ್ ಓಡಿಸಿ ಇನ್ನೈದು ಸಲ. ನೊರೆ ಇಳಿಯುವವರೆಗೆ ಬಿಡಿ.

ಟೈರಾಡಿನ ಮೇಲೆ ದಪ್ಪ ಪೈಪಿನ ಸ್ಲೀವ್ ತೊಡಿಸುವ ಪದ್ಧತಿ ಇದೆ. ಅದುಮುವಿಕೆಯಿಂದ ಬಾಗುವುದನ್ನು ಅದು ನಿಜಕ್ಕೂ ತಡೆಯುತ್ತದೆ. ಆದರೂ ಇಲ್ಲಿ ಹಾಕಲಿಲ್ಲ. ಸಲಾಕೆ ಬಾಗದಿದ್ದರೆ ಅದೇ ಹೊಡೆತ ರ‍್ಯಾಕಿನ ತುದಿಗೆ, ಹೌಸಿಂಗಿಗೆ ಹೋಗುತ್ತದೆ. ಬಾಗಿದ ಟೈರಾಡ್ ಬದಲಿಸುವುದು ಒಂದು ಹೊತ್ತಿನ ಕೆಲಸ, ಬಾಗಿದ ರ‍್ಯಾಕ್ ಅಂದರೆ ಇಡೀ ರ‍್ಯಾಕೇ ಹೊಸದು. ಮೊದಲು ರಿಮ್, ಎತ್ತರ, ಬುಷ್ ಸರಿಮಾಡಿ ಬಲವನ್ನೇ ಇಳಿಸಬೇಕು.

ಮತ್ತೆ ಅಳೆದದ್ದು

ಸಾಮಾನೆಲ್ಲ ಹಾಕಿ, ಅಲಾಯ್ ರಿಮ್ಮಿನಲ್ಲೇ ಒಮ್ಮೆ ಬೇಕೆಂತಲೇ 700 ಕಿಲೋಗೆ ಎಳೆದಾಗ ಎರಡೂ ಕಡೆ 3, ಒಟ್ಟು 6 ಮಿ.ಮೀ. ಕಂಪನಿ ರಿಮ್ ಹಾಕಿ ಎಳೆದಾಗ ಒಟ್ಟು 5ಕ್ಕೆ ಸ್ವಲ್ಪ ಕಡಿಮೆ. ಸದ್ದಿಲ್ಲ, ಗೆರೆ ಯಾವುದೂ ಸರಿದಿಲ್ಲ. ರಬ್ಬರ್ ಬುಷ್ ಇರುವ ಗಾಡಿಯಲ್ಲಿ ಇದು ಸೊನ್ನೆ ಆಗುವುದಿಲ್ಲ. ಎಡಬಲ ಸಮ ಇರಬೇಕು ಅನ್ನುವುದೇ ಮುಖ್ಯ. ನಿಂತ ಸ್ಥಿತಿಯ ಟೋ ಟೈರಿನ ಲೆಕ್ಕದಲ್ಲಿ ಒಟ್ಟು 1 ಮಿ.ಮೀ. ಒಳಕ್ಕೆ ಇಟ್ಟದ್ದು, ಕ್ಯಾಸ್ಟರ್ (ಬದಿಯಿಂದ ನೋಡಿದಾಗ ನಕಲ್ ತಿರುಗುವ ಗೆರೆಯ ಓರೆ) ಎಡಬಲ ವ್ಯತ್ಯಾಸ ಅರ್ಧ ಡಿಗ್ರಿಯ ಒಳಗೆ. ಸ್ಟೇರಿಂಗ್ ಚಕ್ರ ನೆಟ್ಟಗೆ ಬಂತು.

ಡ್ರೈವರಿಗೆ ಹೇಳಿದ್ದು: ಫೋರ್ ಲೋ ಹಾಕುವುದು ನಿಂತ ಮೇಲೆ, ಚಕ್ರ ನೆಟ್ಟಗಿರುವಾಗ. ಸ್ಟೇರಿಂಗ್ ತುದಿಯವರೆಗೆ ತಿರುಗಿಸಿಟ್ಟು ಜಗ್ಗಬಾರದು, ಸಿ.ವಿ. ಜಾಯಿಂಟ್ (ಡ್ರೈವ್ ಶಾಫ್ಟಿನ ಬಾಗುವ ಕೀಲು) ಆಗ ಅತಿ ಹೆಚ್ಚು ಬಾಗಿರುತ್ತದೆ, ತಿರುವಿನಲ್ಲಿ ಮುಂದಿನ ಹಿಂದಿನ ಚಕ್ರದ ದಾರಿಯೂ ಬೇರೆ. ಎರೆಯಲ್ಲಿ ಹೂತಾಗ ಲೋ ಎರಡನೇ ಗೇರ್ ಸಾಕು. ಚಕ್ರ ತಿರುಗಲು ಶುರುವಾದರೆ ಎಕ್ಸಲರೇಟರ್ ಬಿಡಬೇಕು, ಒತ್ತಬಾರದು. ಡಾಂಬರಿಗೆ ಬಂದ ಕೂಡಲೇ ಟೂ ಹೈ. ಲಿವರ್ ಕಚ್ಚಿಕೊಂಡು ಬರದಿದ್ದರೆ ಎರಡು ಮೂರು ಮೀಟರ್ ನೇರ ರಿವರ್ಸ್ ಬಂದರೆ ಹುರಿ ಬಿಚ್ಚುತ್ತದೆ.

1,000 ಕಿಲೋಮೀಟರ್ ಆದ ಮೇಲೆ, ಅದರಲ್ಲಿ ಬಹುಪಾಲು ಗಣಿ ಏರಿನಲ್ಲಿ ಓಡಿದ ಮೇಲೆ, ಗಾಡಿಯನ್ನು ಪಿಟ್ಟಿನ ಮೇಲೆ ನಿಲ್ಲಿಸಿ ಕೆಂಪು ದೂಳು ಒರೆಸಿ ಗೆರೆಗಳನ್ನು ನೋಡಿದ್ದಾಯಿತು. ನಾಲ್ಕೂ ಕ್ಯಾಮ್ ಗೆರೆ ನೆಟ್ಟಗಿದ್ದವು. ರ‍್ಯಾಕ್ ಕ್ಲಾಂಪಿನ ಎಡಗಡೆ ಬೋಲ್ಟು ಮಾತ್ರ ಕಾಲು ಸುತ್ತು ಬಿಗಿ ತೆಗೆದುಕೊಂಡಿತು, ಹೊಸ ರಬ್ಬರ್ ಕೂತದ್ದರಿಂದ. ಬಿಗಿದು ಅಲ್ಲಿ ಹೊಸ ಗೆರೆ ಎಳೆದದ್ದಾಗಿದೆ.